ಕಾಮಾಲೆ ಮದ್ದಿನ ಮನೆ

ನಮ್ಮ ಮನೆಯಲ್ಲಿ ಕಾಯಿಲೆ ಬೀಳೋದಕ್ಕೆ ಧೈರ್ಯ ಬೇಕಿತ್ತು. ಕಾಯಿಲೆಗೆ ಹೆದರಿ ಅಲ್ಲ, ಮದ್ದಿಗೆ ಹೆದರಿ. ಹೊಟ್ಟೆನೋವು ಅಂತ ಬಾಯಿ ತಪ್ಪಿ ಅಂದರೆ ಸಾಕು, ಅಜ್ಜಿ, ಅಂದರೆ ನಮ್ಮಪ್ಪನ ತಾಯಿ, ನಮ್ಮನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಮೂಗು ಹಿಂಡುತ್ತಿದ್ದಳು. ಉಸಿರಿಗೆ ಅಂತ ಬಾಯಿ ಬಿಟ್ಟ ಕೂಡಲೇ ಒಳಲೆಯಿಂದ ಹರಳೆಣ್ಣೆ ಗಂಟಲಿಗೆ. ನೆಗಡಿಗೆ ಅರಿಶಿನದ ಕೊಂಬು ಕೆಂಡಕ್ಕೆ ಹಿಡಿದು ಅದರ ಹೊಗೆ ಮೂಗಿನೊಳಗೆ. ಕಾಲು ಕೊಯ್ದುಕೊಂಡು ಬಂದರೆ ಮೊದಲು ಬೆನ್ನಿಗೆ ಒಂದು ಗುದ್ದು, ಆಮೇಲೆ ಗಾಯಕ್ಕೆ ಸುಣ್ಣ ಬೆಲ್ಲ. ನಮ್ಮ ತಮ್ಮನಿಗೆ ನಾಯಿಕೆಮ್ಮು ಬಂದಾಗ ಅಗಸರ ಕತ್ತೆಯ ಹಾಲು ಕುಡಿಸಿದ್ದೂ ಅಲ್ಲದೆ ಆ ಕತ್ತೆಯ ಹೊಟ್ಟೆ ಕೆಳಗೆ ಆ ಕಡೆಯಿಂದ ಈ ಕಡೆಗೆ ನೂಕಿದ್ದಳು. ಕತ್ತೆ ಒದೀತು. ಕೆಮ್ಮು ಹೋಯಿತೋ ಬಿಡ್ತೋ, ಒದ್ದ ಜಾಗಕ್ಕೆ ಹುಣಿಸೆಹಣ್ಣು ಉಪ್ಪು ಕಾಯಿಸಿ ಹಚ್ಚೋ ಕೆಲಸ ಹೊಸದಾಗಿ ಬಂತು. ಈಗಿನ ಮಕ್ಕಳಿಗೆ ಸಿರಪ್ಪಿನಲ್ಲೂ ಕಿತ್ತಳೆಹಣ್ಣಿನ ರುಚಿ ಬೇಕಂತೆ. ಬೇಕಾದರೆ ಕೊಡಿ, ನನ್ನದೇನೂ ತಕರಾರಿಲ್ಲ.

ಆದರೆ ಇವೆಲ್ಲ ಮನೆಯವರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಶಿಕ್ಷೆ. ಊರವರಿಗೆ ನಮ್ಮದು ಕಾಮಾಲೆ ಮದ್ದಿನ ಮನೆ. ಚೌಳಹಿರಿಯೂರಿಂದ ಕೂಗಳತೆ ದೂರದ ಸಣ್ಣ ಊರಲ್ಲಿ ಮಣ್ಣಿನ ಮಾಳಿಗೆ ಮನೆ, ಮುಂದೆ ಉದ್ದಕ್ಕೆ ಜಗಲಿ. ಭಾನುವಾರ ಬೆಳಿಗ್ಗೆ ಆ ಜಗಲಿಯ ಮೇಲೆ ಹಳದಿ ಕಣ್ಣಿನವರು ಸಾಲಾಗಿ ಕೂತಿರುತ್ತಿದ್ದರು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದೆಲ್ಲ ಬರೋರು. ರೈಲಲ್ಲಿ ಬಂದವರು ಬೀರೂರಿನಲ್ಲಿ ಇಳಿದು ಬಸ್ಸು ಹಿಡಿದು, ಉಳಿದದ್ದು ನಡೆದು ಬರಬೇಕು. ಬರಿಹೊಟ್ಟೆಯಲ್ಲಿ ಬರಬೇಕು. ಏನು ಸೊಪ್ಪು ಅಂತ ಕೇಳಬಾರದು, ಅದರ ಹೆಸರು ಬಾಯಿಗೆ ಬಂದರೆ ಮದ್ದು ಸಾಯುತ್ತೆ. ಮದ್ದಿಗೆ ಅಂತ ಅಜ್ಜಿ ಯಾರ ಕೈಯಿಂದಲೂ ಒಂದು ಬಾಳೆಹಣ್ಣನ್ನೂ ತಗೊಳ್ಳುತ್ತಿರಲಿಲ್ಲ. ಮದ್ದು ಕುಡಿದವರು ಹೋಗಿ ಬರ್ತೀನಿ ಅನ್ನಬಾರದು, ಅಂದರೆ ಕಾಯಿಲೆ ಮತ್ತೆ ಬರುತ್ತೆ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆದುಬಿಡಬೇಕು. ಗುಣವಾದವರು ಸಂತೆಯಲ್ಲಿ, ಬಸ್ಸಿನಲ್ಲಿ ಅಜ್ಜಿಯನ್ನು ಹೊಗಳುತ್ತಿದ್ದರು. ಗುಣವಾಗದವರು ಹೇಳೋದಕ್ಕೆ ಉಳಿದಿರುತ್ತಿರಲಿಲ್ಲ. ಹೀಗಾಗಿ ಅಜ್ಜಿಯ ಮದ್ದು ಸೋತ ಸುದ್ದಿ ನಮ್ಮ ಸೀಮೆಯಲ್ಲಿ ಯಾರೂ ಕೇಳಿಲ್ಲ.

ಇನ್ನು ಅವ್ವ, ನನ್ನ ಹೆತ್ತವಳು. ತರೀಕೆರೆ ಕಡೆಯ ಬಡವರ ಮನೆಯಿಂದ ಬಂದವಳು ಅಂತ ಅಜ್ಜಿ ದಿನಾ ನೆನಪಿಸುತ್ತಿದ್ದಳು. ನೀರು ಹೊರೋದು, ಕೊಟ್ಟಿಗೆ ಬಾಚೋದು, ರಾಗಿ ಬೀಸೋದು ಅವ್ವನ ಪಾಲು. ಮದ್ದು ಅರೆಯೋ ಕಲ್ಲು ತೊಳೆದಿಡೋದೂ ಅವಳೇ. ಅರೆಯೋ ಹೊತ್ತಿಗೆ ಮಾತ್ರ ಅಜ್ಜಿ ಅವಳನ್ನು ಆಚೆ ಕಳಿಸಿ ಅಡಿಗೆಮನೆಯ ಅಗುಳಿ ಹಾಕಿಕೊಳ್ಳುತ್ತಿದ್ದಳು. ನಮ್ಮ ಮನೆಯ ಮದ್ದು ಅತ್ತೆಯಿಂದ ಸೊಸೆಗೆ, ಕಿವಿಯಲ್ಲಿ. ನನ್ನಂಥ ಮಗಳಿಗಿಲ್ಲ, ಮಗಳು ಇನ್ನೊಬ್ಬರ ಮನೆಗೆ ಹೋಗೋಳು. ಮದ್ದನ್ನು ಒಂದು ಸಲ ತಿಂದವರು ಮುಂದೆ ಅದನ್ನು ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ, ಅವರ ಕೈಗೆ ಅದು ಒಲಿಯೋದಿಲ್ಲ. ಇದ್ದದ್ದು ಅವ್ವ ಒಬ್ಬಳೇ ಸೊಸೆ. ಊರೊಳಗೆ ಅಜ್ಜಿ ನಡೆದರೆ ಗೌಡರ ಮನೆಯವರೂ ಜಗಲಿಯಿಂದ ಇಳಿದು ನಿಲ್ಲುತ್ತಿದ್ದರು. ಅವ್ವ ಬಿಂದಿಗೆ ಹೊತ್ತು ಹಿಂದೆ ಬಂದರೆ ನಾಯಿಯೂ ತಲೆ ಎತ್ತುತ್ತಿರಲಿಲ್ಲ. ಇವತ್ತಲ್ಲ ನಾಳೆ ಆ ಮಾತು ತನ್ನ ಕಿವಿಗೆ ಬೀಳಲೇಬೇಕು ಅನ್ನೋ ಒಂದೇ ಆಸೆ ಇಟ್ಟುಕೊಂಡು ಅವ್ವ ಆ ಮನೆಯ ಬೈಗುಳವನ್ನೆಲ್ಲ ನುಂಗುತ್ತಿದ್ದಳು.

ಅಂಥ ಅವ್ವನಿಗೇ ಕಾಮಾಲೆ ಬಂತು. ಬಿಂದಿಗೆ ಇಳಿಸೋವಾಗ ತಲೆ ತಿರುಗಿ ಕೂತಳು. ಕೈಗೆ ಸುಣ್ಣ ಸವರಿ ನೀರಲ್ಲಿ ತೊಳೆದು ನೋಡಿದರು, ನೀರು ಹಳದಿ. ಭಾನುವಾರ ಜಗಲಿ ತುಂಬ ಜನ ಕೂತಿದ್ದಾಗ ಅಜ್ಜಿ ಮದ್ದಿನ ಲೋಟ ಹಿಡಿದುಕೊಂಡು ಬಂದಳು. ಮೊದಲು ಕೂಗಿದ್ದು ಅವ್ವನನ್ನ.

"ಬಾರೇ, ಇಲ್ಲಿ ಕುಂತ್ಕೋ. ಬಾಯಿ ತೆಗಿ."

"ಬ್ಯಾಡ ಅತ್ತೆ."

"ಯಾಕೆ ಬ್ಯಾಡ? ಊರೋರಿಗೆಲ್ಲ ಬೇಕು, ನಿಂಗೆ ಬ್ಯಾಡ್ವಾ?"

"ತಿಂದೋರು ಕೊಡಂಗಿಲ್ಲ ಅಂತ ನೀವೇ ಹೇಳಿದ್ದೀರಲ್ಲ."

ಅಜ್ಜಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ, ಅದರಲ್ಲಿ ಇದು ಚೆನ್ನಾಗಿ ನೆನಪಿದೆ.

"ಅಲ್ರಪ್ಪಾ, ಕೇಳಿದ್ರಾ? ಕಣ್ಣು ಅರಿಶಿನ ಆಗೈತೆ, ಇವ್ಳಿಗೆ ನನ್ನ ಜಾಗದ ಮೇಲೆ ಕಣ್ಣು. ಲೇ, ನೀನು ಸತ್ರೆ ನೀರು ಹೊರೋರು ಯಾರೇ?"

ಜಗಲಿಯವರು ನಕ್ಕರು. ಪಾಪ, ಕಾಯಿಲೆಯವರು, ಮದ್ದು ಕೊಡೋಳು ನಕ್ಕರೆ ನಗಬೇಕಲ್ಲ. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಅವನು ಅವ್ವನ ಕಡೆಗೂ ನೋಡಲಿಲ್ಲ, ಅಜ್ಜಿಯ ಕಡೆಗೂ ನೋಡಲಿಲ್ಲ, ಎತ್ತಿಗೆ ಹುಲ್ಲು ಹಾಕಬೇಕು ಅಂತ ಹಿಂದಕ್ಕೆ ಹೋದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, ನಾನು ಬರೆ ಹಾಕಿಸ್ಕೊತೀನಿ, ಮದ್ದು ಮಾತ್ರ ಬೇಡ ಅಂದಳು. ಕಾಮಾಲೆಗೆ ಕಾದ ಕಬ್ಬಿಣದಿಂದ ಬರೆ ಎಳೆಯೋದು ನಮ್ಮ ಕಡೆ ಇನ್ನೊಂದು ದಾರಿ. ಆಯ್ತು ಬಿಡು, ನಿನ್ನಿಷ್ಟ, ನಾಳೆ ನಾನೇ ಹಾಕ್ತೀನಿ ಅಂತ ಅಜ್ಜಿ ಒಳಗೆ ಹೋದಳು.

ಅವತ್ತು ಮಧ್ಯಾಹ್ನ ಒಂದು ವಿಚಿತ್ರ ನಡೀತು. ಅಜ್ಜಿ ತಾನೇ ಗಂಜಿ ಕಾಯಿಸಿ, ತಾನೇ ಬಟ್ಟಲಿಗೆ ಬಗ್ಗಿಸಿ, ಅವ್ವ ಮಲಗಿದ್ದ ನಡುಮನೆಗೆ ತಂದುಕೊಟ್ಟಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಕೈಯಿಂದ ಒಂದು ಲೋಟ ನೀರನ್ನೂ ಕಾಣದ ಅವ್ವ ಎದ್ದು ಕೂತು, ಕಣ್ಣು ಒರೆಸಿಕೊಂಡು, ಗಟಗಟ ಕುಡಿದಳು. ಮಕ್ಕಳಾದ ನಮಗೆ ಬಟ್ಟಲಲ್ಲಿ ಮಿಕ್ಕಿದ್ದು ಹಕ್ಕು. ನಾನು ಎತ್ತಿಕೊಂಡು ಬೆರಳಲ್ಲಿ ಬಳಿದು ನೆಕ್ಕಿದೆ. ಕಹಿ. ಬೇವಿನ ಹಾಗೆ ಮೊದಲೇ ಹೊಡೆಯೋ ಕಹಿಯಲ್ಲ, ಮೊದಲು ಹುಲ್ಲು ಹುಲ್ಲಾಗಿ, ಆಮೇಲೆ ನಾಲಗೆಯ ಬುಡದಲ್ಲಿ ಕೂತುಕೊಳ್ಳೋ ಕಹಿ. ಮುಖ ಕಿವುಚುವಷ್ಟರಲ್ಲಿ ಅಜ್ಜಿಯ ಕೈ ನನ್ನ ಕೆನ್ನೆಗೆ ಬಿತ್ತು. ಬಟ್ಟಲು ಗೋಡೆಗೆ ಬಡಿದು ಉರುಳಿತು.

"ಎಂಜಲು ನೆಕ್ತೀಯಾ, ಮುಂಡೇದೇ! ಕಾಮಾಲೆ ನಿಂಗೂ ಅಂಟ್ಲಿ ಅಂತಾನಾ?"

ಅಲ್ಲಿಯವರೆಗೆ ನಾವು ಯಾರ ಎಂಜಲು ತಿಂದರೂ ಅವಳು ತಿರುಗಿ ನೋಡಿದವಳಲ್ಲ. ನಾನು ಕೆನ್ನೆ ಹಿಡಿದುಕೊಂಡು ಅಳುತ್ತಾ, ಅಜ್ಜಿಗೆ ನನ್ನ ಮೇಲೆ ಇಷ್ಟು ಕಾಳಜಿ ಇದೆಯಾ ಅಂತ ಒಂದು ಗಳಿಗೆ ಖುಷಿಪಟ್ಟೆ. ಎಂಥ ಪೆದ್ದು!

ಮಾರನೆಯ ದಿನ ಬರೆ. ಸಾರಿನ ಕಬ್ಬಿಣದ ಸೌಟಿನ ಹಿಡಿಯನ್ನು ಅಜ್ಜಿ ಒಲೆಯೊಳಗೆ ತೂರಿಸಿಟ್ಟಳು. ನನ್ನನ್ನು ಅವ್ವನ ಕಾಲ ಮೇಲೆ ಕೂರಿಸಿದಳು, ಕೊಸರಾಡದ ಹಾಗೆ. ಗವಾಕ್ಷಿಯಿಂದ ಬಿಸಿಲು ಸರಿಯಾಗಿ ಅವ್ವನ ಎಡಗೈ ಮೇಲೆ ಬೀಳುತ್ತಿತ್ತು. ಬಳೆಯನ್ನೆಲ್ಲ ಮೇಲಕ್ಕೆ ಸರಿಸಿದ್ದರು.

"ಬಾಯಿಗೆ ಬಟ್ಟೆ ತುರ್ಕೋ. ಪಕ್ಕದ ಮನೆಯೋರು ನಾನೇನೋ ಮಾಡ್ದೆ ಅಂದ್ಕೊಂಡಾರು."

ಹಿಡಿ ಕೆಂಪಗಾಗಿತ್ತು. ಅಜ್ಜಿ ಆತುರಪಡಲಿಲ್ಲ. ಮಣಿಕಟ್ಟಿನ ಮೇಲೆ ಇಟ್ಟು, ಒತ್ತಿ, ಎಳೆದಳು. ಅವ್ವನ ಕಾಲು ನನ್ನನ್ನು ಎತ್ತಿ ಹಾಕಿತು. ರೊಟ್ಟಿ ಸೀದ ಹಾಗೆ ವಾಸನೆ ಬಂತು, ಮತ್ತೆ ಆ ಬಟ್ಟೆಯೊಳಗಿಂದ ಒಂದು ಸದ್ದು ಬಂತು, ಅದನ್ನು ನಾನು ಬರೆಯೋದಿಲ್ಲ. ಸೌಟನ್ನು ನೀರಿಗೆ ಅದ್ದಿ, ಬೂದಿ ಹಾಕಿ ತಿಕ್ಕಿ, ಅವತ್ತೇ ಸಾಯಂಕಾಲ ಅದರಲ್ಲೇ ನಮಗೆಲ್ಲ ಅವರೆಕಾಳು ಸಾರು ಬಡಿಸಿದಳು. ಅಪ್ಪ ಮುದ್ದೆ ಮುರಿದು ಅದ್ದಿಕೊಂಡು, ಸಾರು ಇವತ್ತು ಚೆನ್ನಾಗೈತೆ ಕಣವ್ವ ಅಂದ. ಆ ಮಾತಿಗೆ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ, ಅವನು ಹೋಗಿ ಎಷ್ಟೋ ಕಾಲವಾಯಿತು.

ಅವ್ವ ಚೇತರಿಸಿಕೊಂಡಳು. ಬರೆ ಕೀವಾಗಿ, ಒಣಗಿ, ಜಿಗಣೆ ಅಂಟಿಕೊಂಡ ಹಾಗೆ ಉಬ್ಬಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಮುಚ್ಚಿಕೊಳ್ಳುತ್ತಿದ್ದರು. ಅವ್ವ ನೀರಿಗೆ ಹೋದಾಗ ಬೇಕಂತಲೇ ಬಳೆ ಮೇಲಕ್ಕೆ ತಳ್ಳಿಕೊಂಡು, ನಾನು ಮದ್ದು ತಿಂದಿಲ್ಲ ನೋಡ್ರೇ, ಬರೆಯಲ್ಲೇ ಗುಣ ಮಾಡ್ಕೊಂಡೆ ಅಂತ ತೋರಿಸುತ್ತಿದ್ದಳು. ಇನ್ನು ಅಜ್ಜಿ ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ಅವಳ ಲೆಕ್ಕ. ಅಜ್ಜಿ ಅದನ್ನೆಲ್ಲ ನೋಡುತ್ತಿದ್ದಳು.

ಕೊನೆಗೆ ಅಜ್ಜಿ ಹಾಸಿಗೆ ಹಿಡಿದಳು. ಪಡಸಾಲೆಯಲ್ಲಿ ಮಲಗಿಸಿದ್ದರು, ಮಠದಿಂದ ಅಯ್ಯನೋರು ಬಂದು ವಿಭೂತಿ ಹಚ್ಚಿದ್ದರು, ಊರವರು ತುಂಬಿದ್ದರು. ಬೆಳಿಗ್ಗೆಯ ಹೊತ್ತು. ಮದ್ದು ಹೇಳಿ ಹೋಗವ್ವ, ನಿನ್ನ ಜತೆಗೇ ಹೋಗೋದು ಬ್ಯಾಡ ಅಂತ ಎಲ್ಲರೂ ಬೇಡಿಕೊಂಡರು. ಅಜ್ಜಿ ಬೆರಳಾಡಿಸಿ ಅವ್ವನನ್ನು ಕರೆದಳು. ಅವ್ವ ಬಗ್ಗಿ ಕಿವಿ ಕೊಟ್ಟಳು. ಅಜ್ಜಿಯ ತುಟಿ ಅಲುಗಿತು, ನಿಂತಿತು. ಅವ್ವ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದಳು. ಆಮೇಲೆ ನೆಟ್ಟಗೆ ನಿಂತು, ಸೆರಗು ತಲೆ ಮೇಲೆ ಎಳೆದುಕೊಂಡು, ಎಲ್ಲರಿಗೂ ಕೇಳೋ ಹಾಗೆ ಅಂದಳು.

"ಹೇಳಿದ್ರು."

ಅಜ್ಜಿಯ ಕಣ್ಣು ಅಗಲವಾಯಿತು. ದನಿ ಹೊರಡಲಿಲ್ಲ. ಕೈ ಎತ್ತಿ ಅತ್ತಿತ್ತ ಅಲ್ಲಾಡಿಸಿದಳು, ಇಲ್ಲ ಇಲ್ಲ ಅನ್ನೋ ಹಾಗೆ. ಆಶೀರ್ವಾದ ಮಾಡ್ತಾವ್ಳೆ ಅಂತ ಯಾರೋ ಆ ಕೈ ಹಿಡಿದು ಅವ್ವನ ತಲೆ ಮೇಲೆ ಇಟ್ಟರು. ಅಜ್ಜಿ ಆ ಕೈಯನ್ನು ಎಳೆದುಕೊಳ್ಳೋದಕ್ಕೆ ನೋಡುತ್ತಾ ನೋಡುತ್ತಾ ಸತ್ತಳು. ಹೆಂಗಸರು, ಎಂಥ ಪುಣ್ಯದ ಸಾವು ಅಂತ ಅತ್ತರು.

ಕಾರ್ಯವೆಲ್ಲ ಮುಗಿದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಮುಖ ಬಿಳಿಚಿಕೊಂಡಿತ್ತು.

"ನಿಮ್ಮಜ್ಜಿ ಕಿವೀಲಿ ಏನಂದ್ಲು ಗೊತ್ತೇನೇ? 'ಬರೆಗೆ ಮುಂಚೇನೇ ನಿಂಗೆ ಗಂಜೀಲಿ ಹಾಕ್ಕೊಟ್ಟಿದ್ದೆ. ನೀನು ತಿಂದೋಳು. ನಿಂಗೆ ದಕ್ಕಲ್ಲ' ಅಂದ್ಲು. ಅಷ್ಟೇ ಅಂದ್ಲು."

ನನಗೆ ಕೆನ್ನೆ ಚುರುಗುಟ್ಟಿತು. ಗಂಜಿಯಲ್ಲಿ ಮದ್ದು ಹೊಟ್ಟೆಗೆ ಹೋಗಿದ್ದು ಗೊತ್ತಿದ್ದೂ ಮಾರನೆಯ ದಿನ ಸೌಟು ಕಾಯಿಸಿದ್ದಳಲ್ಲ, ಒತ್ತಿ ಎಳೆದಿದ್ದಳಲ್ಲ ಅಂತ ನನಗೆ ಆಗ ಅರ್ಥವಾಯಿತು. ಅವ್ವ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನನ್ನ ಗದ್ದ ಹಿಡಿದು ಎತ್ತಿದಳು.

"ಅವತ್ತು ನನ್ನ ಬಾಯಿಗೆ ಎಲ್ಲಾನೂ ಕಹಿ, ನೀರೂ ಕಹಿ. ನಂಗೆ ಗೊತ್ತಾಗ್ಲಿಲ್ಲ. ನೀನು ಬಟ್ಟಲು ನೆಕ್ಕಿದ್ಯಲ್ಲ, ನಿನ್ನ ನಾಲಗೆಗೆ ಗೊತ್ತು. ಬಾ, ಹುಡುಕು."

ಬೇಲಿಯ ಉದ್ದಕ್ಕೂ ನಡೆಸಿದಳು. ಲಕ್ಕಿ ಸೊಪ್ಪು ಕಿತ್ತು ಬಾಯಿಗೆ ಇಟ್ಟಳು. ಇದಾ? ಅಲ್ಲ. ಅಮೃತಬಳ್ಳಿ. ಇದಾ? ಅಲ್ಲ. ಹಾಗಲಬಳ್ಳಿ, ಬೇವು, ಆಡುಸೋಗೆ. ಅಲ್ಲ, ಅಲ್ಲ, ಅಲ್ಲವ್ವ. ಎಕ್ಕದ ಹಾಲು ತಗುಲಿ ತುಟಿ ಊದಿಕೊಂಡಿತು. ಸಾಕವ್ವ ಅಂದರೆ, ಅಗಿ, ಉಗುಳ್ಬೇಡ, ಬುಡದಲ್ಲಿ ಕಹಿ ಕೂರ್ತದಾ ನೋಡು ಅಂತ ಕತ್ತಿನ ಹಿಂದೆ ಹಿಡಿದುಕೊಂಡಳು. ಮೂಗು ಹಿಂಡಿದಳು, ಥೇಟ್ ಅಜ್ಜಿಯ ಹಾಗೆ. ಬೇಲಿಯ ಮೂಲೆಯಲ್ಲಿ ಉಮ್ಮತ್ತಿ ಗಿಡ ಇತ್ತು, ವಿಷ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಅವ್ವ ಅದರ ಎಲೆಯನ್ನೂ ಕಿತ್ತಳು. ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು, ಎಲೆ ನೋಡಿದಳು. ಆಮೇಲೆ ಎಸೆದಳು. ಎಸೆದಳು, ನಿಜ. ಆದರೆ ನಿಂತು ಯೋಚನೆ ಮಾಡಿದಳು, ಅದನ್ನು ನಾನು ಮರೆತಿಲ್ಲ.

ಕಕ್ಕಿಕೊಂಡು ಕಕ್ಕಿಕೊಂಡು ಬಚ್ಚಲ ನೀರು ಹರಿಯೋ ಕಲ್ಲಿನ ಹತ್ತಿರ ಕುಸಿದೆ. ಪಾತ್ರೆ ತೊಳೆಯೋ ಜಾಗ ಅದು, ದಿನಾ ನಾವೆಲ್ಲ ತುಳಿದಾಡೋ ಜಾಗ. ನಾಲಗೆ ಒರೆಸಿಕೊಳ್ಳೋಣ ಅಂತ ಕಲ್ಲಿನ ಸಂದಿಯಲ್ಲಿದ್ದ ಕಳೆಯನ್ನು ಕಿತ್ತು ಉಜ್ಜಿಕೊಂಡೆ. ಮೊದಲು ಹುಲ್ಲು ಹುಲ್ಲು. ಆಮೇಲೆ ನಾಲಗೆಯ ಬುಡದಲ್ಲಿ ಬಂದು ಕೂತುಕೊಂಡಿತು. ನಾನು ಹೇಳುವ ಅಗತ್ಯವೇ ಬರಲಿಲ್ಲ, ಅವ್ವ ನನ್ನ ಮುಖದಲ್ಲೇ ನೋಡಿಬಿಟ್ಟಳು. ಹೆಸರು ಹೇಳ್ಬೇಡ, ಹೆಸರು ಬಾಯಿಗೆ ಬಂದ್ರೆ ಸಾಯ್ತದೆ ಅಂತ ನನ್ನ ಬಾಯಿ ಮುಚ್ಚಿ, ಎದೆಗೆ ಒತ್ತಿಕೊಂಡಳು. ನನ್ನನ್ನು ಅವಳು ಹಾಗೆ ಅಪ್ಪಿಕೊಂಡದ್ದು ನನಗೆ ನೆನಪಿರೋದು ಅದೊಂದೇ. ಅವಳ ಸೀರೆಯೆಲ್ಲ ನಾನು ಕಕ್ಕಿದ್ದು ಹತ್ತಿತ್ತು.

ಮುಂದಿನ ಭಾನುವಾರದಿಂದ ಜಗಲಿಗೆ ಲೋಟ ಹಿಡಿದು ಬಂದವಳು ಅವ್ವ. ತಿಂದವಳ ಕೈಯಲ್ಲೂ ಜನಕ್ಕೆ ಗುಣವಾಯಿತು, ಅಜ್ಜಿಯ ಕೈಯಲ್ಲಿ ಎಷ್ಟಾಗುತ್ತಿತ್ತೋ ಅಷ್ಟೇ. ಗೌಡರ ಮನೆಯವರು ಜಗಲಿಯಿಂದ ಇಳಿದು ನಿಂತರು. ಅವ್ವನ ನಡಿಗೆ ಬದಲಾಯಿತು. ಅಡಿಗೆಮನೆಯ ಅಗುಳಿ ಒಳಗಿನಿಂದ ಬೀಳತೊಡಗಿತು. ಆಚೆ ನಿಂತವಳು ನಾನು, ಜೀರಿಗೆ ವಾಸನೆ ಹತ್ತಿದ ಆ ಕಲ್ಲು ತೊಳೆದಿಟ್ಟವಳೂ ನಾನೇ. ನಂಗೊತ್ತಲ್ಲ, ನನ್ನೆದುರಿಗೇ ಅರೆಯವ್ವ ಅಂದರೆ, ನಿಂಗೇನೂ ಗೊತ್ತಿಲ್ಲ, ಬಾಯಿ ಬಿಟ್ರೆ ಸುಡ್ತೀನಿ ಅನ್ನೋಳು. ಸುಡೋದು ಅಂದರೇನು ಅಂತ ಅವಳಿಗೆ ಗೊತ್ತಿತ್ತು, ಆದರೂ ಅನ್ನೋಳು.

ನನ್ನನ್ನು ಬೀರೂರಿಗೆ ಕೊಟ್ಟರು. ಕೆಲವು ಕಾಲದ ಮೇಲೆ ತಮ್ಮನ ಮದುವೆಯಾಯಿತು. ಹೆಣ್ಣು ಅಜ್ಜಂಪುರದ ಕಡೆಯವಳು, ಎರೆಹೊಲದಲ್ಲಿ ಈರುಳ್ಳಿ ಬೆಳೆಯೋರ ಮನೆಯವಳು, ಹೆಸರು ಸುಮ. ಎಲ್ಲದಕ್ಕೂ ನಗೋ ಹುಡುಗಿ. ಮದುವೆಯ ಗದ್ದಲ ಮುಗಿದು ನಾನು ಇನ್ನೂ ತವರಲ್ಲೇ ಇದ್ದೆ. ಸುಮ ಬಿಸಿಲಲ್ಲಿ ಬಟ್ಟೆ ಒಗೆದು ಹರವಿ ಬಂದು ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಅವ್ವ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟಳು. ಕೊತ್ತಂಬರಿ ಅರೆದು ಹಾಕಿ ಹಸಿರಾಗಿತ್ತು.

"ಅವ್ಳಿಗೆ ಕೊಡು. ಪಾಪ, ಬಿಸಿಲಲ್ಲಿ ಬೆಂದವ್ಳೆ."

ಲೋಟ ತುಳುಕಿ ಬೆರಳ ಮೇಲೆ ಬಿತ್ತು. ಸುಮ್ಮನೆ ನೆಕ್ಕಿದೆ. ಮೊದಲು ಹುಲ್ಲು. ಆಮೇಲೆ ನಾಲಗೆಯ ಬುಡದಲ್ಲಿ. ನನ್ನ ಕೆನ್ನೆ ತಾನಾಗಿ ಒಂದು ಕಡೆಗೆ ವಾಲಿತು, ಹೊಡೆತ ಬೀಳುತ್ತೆ ಅಂತ.

"ಅವ್ವ, ಏನ್ ಹಾಕ್ದೆ ಇದ್ರಲ್ಲಿ?"

"ಕೊತ್ತಂಬರಿ."

"ಅವ್ವ."

"ಮೆತ್ತಗೆ ಮಾತಾಡೇ." ಅವ್ವ ಹತ್ತಿರ ಬಂದಳು. "ನಾನು ಕೈ ಸುಟ್ಕೊಂಡು ತಗೊಂಡಿದ್ದು ಇದು. ಮೊನ್ನೆ ಬಂದೋಳು ಕುಂತಲ್ಲೇ ತಗೊಂಡ್ಬಿಡ್ತಾಳಾ? ಕುಡೀಲಿ. ಕುಡುದ್ರೆ ನಂಗೆ ನೆಮ್ಮದಿ."

ಯಾರಿಗೂ ಕಾಯಿಲೆ ಇರಲಿಲ್ಲ. ಯಾರೂ ಯಾರಿಂದಲೂ ಏನೂ ಕೇಳಿರಲಿಲ್ಲ. ಅಜ್ಜಿಯಾದರೂ ಕಾಮಾಲೆ ಬರೋವರೆಗೆ ಕಾದಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಲೋಟವನ್ನು ಬಚ್ಚಲ ಕಲ್ಲಿನ ಮೇಲೆ ಕವುಚಿ, ಆ ಸಂದಿಯಿಂದಲೇ ಒಂದು ಹಿಡಿ ಕಿತ್ತು, ಗಟ್ಟಿಯಾಗಿ ಕೂಗಿದೆ. ಬೀದಿಗೆ ಕೇಳಲಿ ಅಂತಲೇ ಕೂಗಿದೆ.

"ಸುಮಾ, ನೋಡಮ್ಮ ಇಲ್ಲಿ. ಇದೇ ನಮ್ಮನೆ ಕಾಮಾಲೆ ಮದ್ದು. ನೆಲನೆಲ್ಲಿ. ಜೀರಿಗೆ ಹಾಕಿ ಅರೆದು ಮಜ್ಜಿಗೇಲಿ ಕೊಡೋದು, ಇನ್ನೇನಿಲ್ಲ. ನೆಲನೆಲ್ಲಿ!"

ಅವ್ವ ಗೋಡೆ ಹಿಡಿದುಕೊಂಡಳು. ಸುಮ ಎದ್ದು ಬಂದು ಗಿಡ ನೋಡಿ ನಕ್ಕಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅದೇ ಇನ್ನೂ ಕೆಟ್ಟದ್ದು.

"ಅಯ್ಯೋ, ಇದಾ ಅಕ್ಕಾ? ನಮ್ಮೂರಲ್ಲಿ ಈರುಳ್ಳಿ ಹೊಲ್ದಾಗೆ ಕಿತ್ತು ಕಿತ್ತು ಕೈ ಸೋತೋಯ್ತವೆ. ಕಾಮಾಲೆ ಅಂದ್ರೆ ನಮ್ಮವ್ವಾನೂ ಇದನ್ನೇ ಅರೆದು ಕುಡಿಸ್ತಾಳೆ."

"ನಿಮ್ಮವ್ವನಿಗೆ ಯಾರು ಹೇಳ್ಕೊಟ್ರು?" ಅಂದಳು ಅವ್ವ. ದನಿ ಅವಳದಲ್ಲ ಅನ್ನೋ ಹಾಗಿತ್ತು.

"ಯಾರು ಹೇಳ್ಕೊಡ್ಬೇಕು ಅತ್ತೆ? ಎಲ್ಲಾರ್ಗೂ ಗೊತ್ತು."

ಭಾನುವಾರ ಜಗಲಿಗೆ ಬಂದವರನ್ನು ಅವ್ವ ನಿಂತ ಕಾಲಲ್ಲೇ ವಾಪಸು ಕಳಿಸಿದಳು. ಮದ್ದು ಸತ್ತೋಯ್ತು ಕಣ್ರಪ್ಪಾ, ಸಾಯಿಸ್ದೋಳು ಒಳಗವ್ಳೆ, ಹೋಗಿ ಆಸ್ಪತ್ರೆ ನೋಡ್ಕೊಳಿ ಅಂದಳು. ಅವರು ನನ್ನನ್ನು ಬಗ್ಗಿ ಬಗ್ಗಿ ನೋಡಿಕೊಂಡು ಹೋದರು. ನನಗೆ ಪಶ್ಚಾತ್ತಾಪವಿಲ್ಲ, ಆಗಲೂ ಇರಲಿಲ್ಲ. ಈಗಂತೂ ಆ ಸೊಪ್ಪಿನ ಹೆಸರು ಮೊಬೈಲಿನಲ್ಲಿ ಬೆರಳಿಟ್ಟರೆ ಸಿಗುತ್ತೆ, ಫೋಟೋ ಸಮೇತ. ಸುಮ ಆ ಮನೆಯಲ್ಲಿ ನಗುನಗುತ್ತಲೇ ಇದ್ದಾಳೆ. ಅವ್ವನಿಗೆ ಅವಳೇ ಸ್ನಾನ ಮಾಡಿಸುತ್ತಾಳೆ, ಅವಳೇ ಮುದ್ದೆ ಮುರಿದು ತಿನ್ನಿಸುತ್ತಾಳೆ.

ಆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ನಾನು ಚೀಲ ಎತ್ತಿಕೊಂಡೆ. ಅವ್ವ ಖಾಲಿ ಜಗಲಿಯ ಮೇಲೆ ಕೂತಿದ್ದಳು, ಹಳದಿ ಕಣ್ಣಿನವರು ಕೂರೋ ಜಾಗದಲ್ಲಿ. ಏನೇ ಆಗಲಿ ಹೆತ್ತವಳು ಅಂತ ಎದುರಿಗೆ ನಿಂತೆ.

"ಹೋಗಿ ಬತ್ತೀನಿ ಅವ್ವ."

"ಮದ್ದು ತಿಂದೋರು ಹಂಗನ್ಬಾರ್ದು. ಸುಮ್ನೆ ಎದ್ದೋಗು. ತಿರುಗಿ ನೋಡ್ಬೇಡ."

ನಾನು ದಾರಿ ತಿರುವಿನ ಬೇವಿನ ಮರದವರೆಗೆ ಹೋಗಿ ತಿರುಗಿ ನೋಡಿದೆ. ಅವ್ವ ನನ್ನ ಕಡೆ ನೋಡುತ್ತಿರಲಿಲ್ಲ. ಬಳೆ ಮೇಲಕ್ಕೆ ಸರಿಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು, ಆ ಬರೆಯನ್ನು ತಿಕ್ಕುತ್ತಿದ್ದಳು, ಅಳಿಸಿಹೋಗುತ್ತೇನೋ ಅಂತ.